ಡ್ಯಾಶ್‌ಬೋರ್ಡ್ ಯಾರೂ ತೆರೆಯುವುದಿಲ್ಲ, ಹುಡುಕು ಪೆಟ್ಟಿಗೆ ಕೊಟ್ಟರೆ ಹೇಗೆ? ಕಲಬುರಗಿಯ ಬೇಳೆ ಮಿಲ್ಲಿನಿಂದ ಒಂದು ಪ್ರಶ್ನೆ

ಗಂಜ್ ಗುಮಾಸ್ತ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನೆಹರು ಗಂಜ್ ಕಡೆಯ ಒಂದು ಬೇಳೆ ಮಿಲ್ಲಿನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಖರೀದಿ, ಮಾರಾಟ, ಉದ್ರಿ ಎಲ್ಲವೂ ಟ್ಯಾಲಿಯಲ್ಲಿದೆ. ಗೇಟಿನ ತೂಕದ ಚೀಟಿ, ಮಿಲ್ಲಿನ ಉತ್ಪಾದನೆ, ಗೋದಾಮಿನ ದಾಸ್ತಾನು ಬೇರೊಂದು ತಂತ್ರಾಂಶದಲ್ಲಿವೆ. ಪ್ರತಿ ರಾತ್ರಿ ಎರಡನ್ನೂ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ತಂದು ಪವರ್ ಬಿಐ ಎಂಬ ವರದಿ ತಂತ್ರಾಂಶದಲ್ಲಿ ಡ್ಯಾಶ್‌ಬೋರ್ಡ್ ಮಾಡಿಟ್ಟಿದ್ದೇನೆ. ಬಣ್ಣದ ಕಂಬಗಳಿವೆ, ತಾಲ್ಲೂಕುಗಳ ನಕಾಶೆಯಿದೆ, ಚೆನ್ನಾಗಿಯೇ ಇದೆ. ಸಾಹುಕಾರರು ಮಾತ್ರ ಅದನ್ನು ತೆರೆಯುವುದಿಲ್ಲ. ಫೋನ್ ಮಾಡುತ್ತಾರೆ: "ಸೇಡಂ ಕಡೆಯಿಂದ ಈ ಹಂಗಾಮಿಗೆ ಆವಕ ಎಷ್ಟಾಯಿತು? ಹೋದ ಸಲಕ್ಕಿಂತ ಹೆಚ್ಚೋ ಕಡಿಮೆಯೋ?"

ಉತ್ತರ ಡ್ಯಾಶ್‌ಬೋರ್ಡಿನಲ್ಲಿಯೇ ಇದೆ. ಆದರೆ ಮೂರನೆಯ ಪುಟಕ್ಕೆ ಹೋಗಬೇಕು, ಎಡಗಡೆಯ ಪಟ್ಟಿಯಲ್ಲಿ ತಾಲ್ಲೂಕು ಆರಿಸಬೇಕು, ಮೇಲೆ ದಿನಾಂಕ ಬದಲಿಸಬೇಕು. ಅರವತ್ತು ದಾಟಿದವರಿಗೆ ಮೊಬೈಲಿನ ಪುಟ್ಟ ಪರದೆಯ ಮೇಲೆ ಇಷ್ಟನ್ನು ಮಾಡಿ ಎಂದು ಹೇಳುವುದು ನನಗೇ ಸರಿ ಕಾಣುವುದಿಲ್ಲ. ಬದಲಿಗೆ ಒಂದೇ ಒಂದು ಪೆಟ್ಟಿಗೆ ಇರಲಿ, ಅದರಲ್ಲಿ "ಸೇಡಂ ಆವಕ ಈ ಹಂಗಾಮು" ಎಂದು ಬರೆದರೆ ಅಂಕಿ ಬರಲಿ ಎಂಬುದು ನನ್ನ ಆಸೆ. ಪವರ್ ಬಿಐನಲ್ಲಿ ಪ್ರಶ್ನೆ ಕೇಳುವ ಸೌಲಭ್ಯ ಇದೆಯಾದರೂ ಅದು ಇಂಗ್ಲಿಷಿಗಾಗಿ ರೂಪುಗೊಂಡದ್ದು. ಕನ್ನಡದಲ್ಲಿ ಇಂಥದ್ದನ್ನು ಯಾರಾದರೂ ಮಾಡಿದ್ದೀರಾ? ಎಲಾಸ್ಟಿಕ್‌ಸರ್ಚ್ ಎಂಬ ಸರ್ಚ್ ಇಂಜಿನ್ ಹಾಕಬೇಕೇ, ಇಷ್ಟು ಚಿಕ್ಕ ಕೆಲಸಕ್ಕೆ ಅದು ಅತಿಯಾಯಿತೇ?

ಹಳೆ ಖಾತೆ, ಬೀದರ್

ತಮ್ಮಾ, ಸಾಹುಕಾರರಿಗೆ ಹುಡುಕು ಪೆಟ್ಟಿಗೆ ಈಗಾಗಲೇ ಇದೆ. ಅದರ ಹೆಸರು ಫೋನ್, ಅದರ ಒಳಗಿನ ಯಂತ್ರ ನೀನು. ಮೂವತ್ತು ವರ್ಷದಿಂದ ಅಡತಿ ಅಂಗಡಿಗಳ ಲೆಕ್ಕ ಬರೆದವನು ನಾನು, ಹೇಳುತ್ತೇನೆ ಕೇಳು. ಅಂಕಿ ತಪ್ಪಾದರೆ ಬೈಯುವುದಕ್ಕೆ ಒಬ್ಬ ಮನುಷ್ಯ ಬೇಕು. ಪೆಟ್ಟಿಗೆಯನ್ನು ಬೈದು ಯಾರಿಗೂ ಸಮಾಧಾನ ಆಗುವುದಿಲ್ಲ. ನೀನು ಇದನ್ನು ಕಟ್ಟಿಕೊಟ್ಟ ಮೇಲೂ ಫೋನ್ ಬಂದೇ ಬರುತ್ತದೆ: "ಇದರಲ್ಲಿ ಬಂದ ಅಂಕಿ ಖರೆಯೇನು?" ಎಂದು.

ಗಂಜ್ ಗುಮಾಸ್ತ, ಕಲಬುರಗಿ

ಸರ್, ಬರಲಿ. ಆದರೆ ನಾನು ರಜೆಯಲ್ಲಿದ್ದಾಗ ಬರುವ ಫೋನಿಗಾದರೂ ಬೇರೆ ದಾರಿ ಬೇಡವೇ?

ಬಿದರಿ ಕುಸುರಿ, ಹೈದರಾಬಾದ್ (ಊರು ಬೀದರ್)

ನಾನು ಕೆಲಸ ಮಾಡುವುದೇ ಸರ್ಚ್ ತಂತ್ರಜ್ಞಾನದಲ್ಲಿ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಡೇಟಾಬೇಸನ್ನು ಕೇಳುವವನಿಗೆ ಕೋಷ್ಟಕದ ಹೆಸರು, ಕಾಲಂ ಹೆಸರು, ಅದರಲ್ಲಿ ಊರನ್ನು ಯಾವ ಕಾಗುಣಿತದಲ್ಲಿ ಬರೆದಿದ್ದಾರೆ ಎಂಬುದೆಲ್ಲ ಮೊದಲೇ ಗೊತ್ತಿರಬೇಕು. ಸರ್ಚ್ ಇಂಜಿನ್ ಆ ಹೊರೆಯನ್ನು ತನ್ನ ಮೇಲೆ ಹಾಕಿಕೊಳ್ಳುತ್ತದೆ. ಅದರ ಎದೆಯಲ್ಲಿರುವುದು ಇನ್ವರ್ಟೆಡ್ ಇಂಡೆಕ್ಸ್: ಪುಸ್ತಕದ ಕೊನೆಯಲ್ಲಿರುವ ಪದಸೂಚಿಯ ಹಾಗೆ, ಯಾವ ಪದ ಎಲ್ಲೆಲ್ಲಿದೆ ಎಂಬ ಪಟ್ಟಿ. ಡಗ್ ಕಟಿಂಗ್ 1999ರಲ್ಲಿ ಬರೆದ ಲೂಸೀನ್ ಎಂಬ ತಂತ್ರಾಂಶ ಲೈಬ್ರರಿಯ ಕೆಲಸ ಇದೇ. ಸೋಲರ್ ಮತ್ತು 2010ರಲ್ಲಿ ಬಂದ ಎಲಾಸ್ಟಿಕ್‌ಸರ್ಚ್ ಎರಡೂ ಅದರ ಮೇಲೆಯೇ ನಿಂತಿವೆ. ವ್ಯಾಪಾರದ ಅಂಕಿಅಂಶಕ್ಕೆ ಸರ್ಚ್ ಜೋಡಿಸುವ ಯೋಚನೆಯೂ ಹೊಸದಲ್ಲ. 1999ರಲ್ಲಿ ಶುರುವಾದ ಎಂಡೆಕಾ ಎಂಬ ಕಂಪನಿ ಹುಡುಕಿದ ಮೇಲೆ ಪಕ್ಕದಲ್ಲಿ "ಬಣ್ಣ, ಬೆಲೆ, ಬ್ರ್ಯಾಂಡ್" ಎಂಬ ಸೋಸುಪಟ್ಟಿ ತೋರಿಸುವುದರಲ್ಲಿ ಹೆಸರು ಮಾಡಿತ್ತು. ಅದನ್ನು 2011ರಲ್ಲಿ ಒರಾಕಲ್ ಕೊಂಡಿತು. 2012ರಲ್ಲಿ ಆರಂಭವಾದ ಥಾಟ್‌ಸ್ಪಾಟ್ ವರದಿಗಳನ್ನೇ ಹುಡುಕು ಪೆಟ್ಟಿಗೆಯ ಮೂಲಕ ಕೊಡಲು ಹೊರಟಿತು. ಟ್ಯಾಬ್ಲೋ ಎಂಬ ವರದಿ ತಂತ್ರಾಂಶದಲ್ಲಿದ್ದ ಆಸ್ಕ್ ಡೇಟಾ ಎಂಬ ಇಂಥದ್ದೇ ಸೌಲಭ್ಯವನ್ನು 2024ರಲ್ಲಿ ಹಿಂತೆಗೆದರು. ದೊಡ್ಡವರೇ ಕಟ್ಟಿ ಕಳಚಿದ್ದಾರೆ ಎನ್ನುವುದು ನೆನಪಿರಲಿ.

ಇನ್ನು ನಿಮ್ಮ ಮಿಲ್ಲು. ಹೆಚ್ಚಿನವರು ಇಂಥ ಕೆಲಸಕ್ಕೆ ಕೈ ಹಾಕಿದಾಗ ಎಲ್ಲ ಬಿಲ್ಲುಗಳನ್ನೂ ಎಲ್ಲ ತೂಕದ ಚೀಟಿಗಳನ್ನೂ ಸರ್ಚ್ ಇಂಜಿನ್ನಿಗೆ ಸುರಿಯುತ್ತಾರೆ. ಬೇಡ. ಸುರಿದರೆ "ಸೇಡಂ" ಎಂದು ಹುಡುಕಿದಾಗ ಸಾವಿರಾರು ಚೀಟಿಗಳು ಬರುತ್ತವೆ. ಸಾಹುಕಾರರಿಗೆ ಬೇಕಿರುವುದು ಒಂದು ಮೊತ್ತ. ಎಲಾಸ್ಟಿಕ್‌ಸರ್ಚ್ ಮೊತ್ತವನ್ನೂ ಹಾಕುತ್ತದೆ ನಿಜ. ಆದರೆ ದತ್ತಾಂಶ ಹಲವು ತುಂಡುಗಳಲ್ಲಿ ಹಂಚಿಹೋಗಿದ್ದಾಗ "ಅತಿ ಹೆಚ್ಚು ಖರೀದಿಸಿದ ಹತ್ತು ಪಾರ್ಟಿಗಳು" ಎಂಬಂಥ ಪಟ್ಟಿಯನ್ನು ಅದು ಅಂದಾಜಿನಲ್ಲಿ ಕೊಡಬಹುದು. ಬೇರೆ ಬೇರೆ ಪಾರ್ಟಿಗಳು ಎಷ್ಟು ಎಂಬ ಎಣಿಕೆಯೂ ಅಲ್ಲಿ ಅಂದಾಜೇ. ವೆಬ್‌ಸೈಟಿನ ಲಾಗ್ ನೋಡುವವರಿಗೆ ಅದು ನಡೆಯುತ್ತದೆ, ಖಾತೆ ಪುಸ್ತಕಕ್ಕೆ ನಡೆಯುವುದಿಲ್ಲ.

ಹಾಗಾಗಿ ಸೂಚಿಗೆ ಹೆಸರುಗಳನ್ನು ಮಾತ್ರ ಹಾಕಿ: ತಾಲ್ಲೂಕು, ಊರು, ಪಾರ್ಟಿ, ತೊಗರಿಯ ತಳಿ, ಬೇಳೆಯ ದರ್ಜೆ, ಗೋದಾಮು, ತಿಂಗಳು. ಜೊತೆಗೆ ಅಳತೆಗಳ ಹೆಸರು: ಆವಕ, ಖರೀದಿ ದರ, ಮಾರಾಟ, ಬಾಕಿ, ದಾಸ್ತಾನು. "ಸೇಡಂ ಆವಕ ಜನವರಿ" ಎಂದು ಬರೆದಾಗ ಸರ್ಚ್ ಮಾಡಬೇಕಾದದ್ದು ಇಷ್ಟೇ: ಮೊದಲನೆಯದು ತಾಲ್ಲೂಕು, ಎರಡನೆಯದು ಅಳತೆ, ಮೂರನೆಯದು ತಿಂಗಳು ಎಂದು ಗುರುತಿಸುವುದು. ಲೆಕ್ಕ ಹಾಕುವುದು ಡೇಟಾಬೇಸಿನ ಕೆಲಸ, ನೀವು ಮೊದಲೇ ಬರೆದು ಪರೀಕ್ಷಿಸಿಟ್ಟ ಎಸ್‌ಕ್ಯೂಎಲ್ (ಡೇಟಾಬೇಸನ್ನು ಕೇಳುವ ಭಾಷೆ) ಮೂಲಕ. ನಿಮ್ಮ ಹೆಸರುಗಳೆಲ್ಲ ಸೇರಿ ಕೆಲವು ಸಾವಿರ ಇರಬಹುದು. ಅದಕ್ಕೆ ಎಲಾಸ್ಟಿಕ್‌ಸರ್ಚ್ ಬೇಕಾಗಿಯೇ ಇಲ್ಲ. ಪೋಸ್ಟ್‌ಗ್ರೆಸ್‌ನ ಟ್ರೈಗ್ರಾಂ ಸೌಲಭ್ಯ, ಅಂದರೆ ಪದಗಳನ್ನು ಮೂರು ಮೂರು ಅಕ್ಷರದ ತುಂಡು ಮಾಡಿ ಹೋಲಿಸುವುದು, ಸಾಕು. ಒಂದು ಎಚ್ಚರಿಕೆ: ಡೇಟಾಬೇಸಿನ ಲೋಕೇಲ್ (ಭಾಷೆಯ ಸೆಟ್ಟಿಂಗ್) 'ಸಿ' ಎಂದಿದ್ದರೆ ಟ್ರೈಗ್ರಾಂ ಕನ್ನಡ ಅಕ್ಷರಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೊದಲು ಅದನ್ನು ನೋಡಿ.

ಶಹಾಬಾದಿ ಫರಸಿ, ಬೆಂಗಳೂರು

ಅಕ್ಕಾ, ಇದೆಲ್ಲ ಹಳೆಯ ಕಾಲದ ಮಾತಾಯಿತು. ಈಗ ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗಳಿವೆ. ಕೋಷ್ಟಕಗಳ ವಿವರ ಕೊಟ್ಟು ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಎಸ್‌ಕ್ಯೂಎಲ್ಲನ್ನೇ ಬರೆದು ಕೊಡುತ್ತವೆ. ಸೂಚಿ, ಪಟ್ಟಿ, ಪರ್ಯಾಯ ಪದ ಎಂದು ಕೂಡುವುದೇಕೆ? ಒಂದು ವಾರಾಂತ್ಯದ ಕೆಲಸ.

ಬಿದರಿ ಕುಸುರಿ, ಹೈದರಾಬಾದ್

ಬರೆದು ಕೊಡುತ್ತವೆ, ನಾನೂ ದಿನವೂ ಬಳಸುತ್ತೇನೆ. ಒಂದು ಲಾರಿ ಲೋಡಿನ ಬಿಲ್ಲನ್ನು ತೆಗೆದುಕೊಳ್ಳಿ. ಫಟ್ಕಾ ಬೇಳೆ 200 ಚೀಲ, ನುಚ್ಚು 50 ಚೀಲ, ಚುನ್ನಿ (ಬೇಳೆ ಮಾಡುವಾಗ ಉಳಿಯುವ ಹೊಟ್ಟುಪುಡಿ) 30 ಚೀಲ. ಮೂರು ಸಾಲು. ಲಾರಿ ಬಾಡಿಗೆ 18,000 ರೂಪಾಯಿ ಬಿಲ್ಲಿನ ತಲೆಯಲ್ಲಿ ಒಂದೇ ಸಲ ಬರೆದಿರುತ್ತದೆ. ಬಿಲ್ಲಿನ ತಲೆಯ ಕೋಷ್ಟಕವನ್ನೂ ಸಾಲುಗಳ ಕೋಷ್ಟಕವನ್ನೂ ಜೋಡಿಸಿ ಬಾಡಿಗೆ ಕೂಡಿಸಿದರೆ 54,000 ಬರುತ್ತದೆ. ಎಸ್‌ಕ್ಯೂಎಲ್‌ನಲ್ಲಿ ವ್ಯಾಕರಣ ದೋಷ ಒಂದೂ ಇಲ್ಲ, ಯಾವ ಸೂಚನೆಯೂ ಬರುವುದಿಲ್ಲ, ಅಂಕಿ ಮಾತ್ರ ಮೂರು ಪಟ್ಟು. ಕೋಷ್ಟಕದ ರಚನೆ ಬಲ್ಲ ಮನುಷ್ಯ ಇದನ್ನು ತಟ್ಟನೆ ಹಿಡಿಯುತ್ತಾನೆ. ಸಾಹುಕಾರರ ಮೊಬೈಲಿನಲ್ಲಿ ಬಂದ ಒಂಟಿ ಅಂಕಿಯನ್ನು ಹಿಡಿಯುವವರು ಯಾರು?

ಮಾದರಿಯನ್ನು ಬಿಟ್ಟೇಬಿಡಿ ಎನ್ನುತ್ತಿಲ್ಲ. ಅದಕ್ಕೆ ಎಸ್‌ಕ್ಯೂಎಲ್ ಬರೆಯುವ ಅಧಿಕಾರ ಕೊಡಬೇಡಿ. "ಈ ಪಟ್ಟಿಯಲ್ಲಿರುವ ಅಳತೆಗಳಲ್ಲಿ ಯಾವುದು, ಈ ಹೆಸರುಗಳಲ್ಲಿ ಯಾವುವು, ಯಾವ ಅವಧಿ" ಎಂದು ಆರಿಸಿ ಕೊಡಲಿ. ಪಟ್ಟಿಯಲ್ಲಿ ಇಲ್ಲದ್ದನ್ನು ಆರಿಸಿದರೆ ತಿರಸ್ಕರಿಸಿ. ಬಾಡಿಗೆಯನ್ನು ಹೇಗೆ ಕೂಡಿಸಬೇಕು ಎಂಬುದು ಅಳತೆಯ ವ್ಯಾಖ್ಯೆಯಲ್ಲಿ ಒಮ್ಮೆ ಬರೆದಿಟ್ಟಿರಬೇಕು. ಸೆಮ್ಯಾಂಟಿಕ್ ಲೇಯರ್ ಎಂದು ದೊಡ್ಡ ಹೆಸರಿನಿಂದ ಮಾರುವುದು ಇದನ್ನೇ.

ಶಹಾಬಾದಿ ಫರಸಿ, ಬೆಂಗಳೂರು

ಬಾಡಿಗೆಯ ಉದಾಹರಣೆ ಒಪ್ಪಿದೆ. ಆದರೆ "ಹೋದ ಸಲಕ್ಕಿಂತ ಯಾವ ತಾಲ್ಲೂಕಿನಲ್ಲಿ ಹೆಚ್ಚು ಬಿದ್ದಿದೆ" ಎಂಬಂಥ ಪ್ರಶ್ನೆಯನ್ನು ನಿಮ್ಮ ಹೆಸರಿನ ಪಟ್ಟಿ ಅರ್ಥ ಮಾಡಿಕೊಳ್ಳುವುದಿಲ್ಲ. ಅಲ್ಲಿ ಮಾದರಿ ಬೇಕೇ ಬೇಕು.

ಬಿದರಿ ಕುಸುರಿ, ಹೈದರಾಬಾದ್

ಹೌದು, ಅಲ್ಲಿ ಬೇಕು. ಅಂಥ ಪ್ರಶ್ನೆಗಳು ಎಷ್ಟು ಬರುತ್ತವೆ ಎಂದು ಗುಮಾಸ್ತರು ಮೊದಲು ನೋಡಲಿ. ನನ್ನ ಅನುಭವದಲ್ಲಿ ವ್ಯಾಪಾರಿಗಳು ಕೇಳುವುದರಲ್ಲಿ ಬಹುಪಾಲು ಒಂದು ಹೆಸರು, ಒಂದು ಅಳತೆ, ಒಂದು ಅವಧಿ.

ಗಂಜ್ ಗುಮಾಸ್ತ, ಕಲಬುರಗಿ

ಅಕ್ಕ ಹೇಳಿದಂತೆ ಹೆಸರುಗಳ ಕೋಷ್ಟಕ ಮಾಡಿ ಪ್ರಯೋಗಕ್ಕೆ ಇಟ್ಟೆ. ಗೇಟಿನವರಿಗೂ ಲೆಕ್ಕದವರಿಗೂ ಕೊಟ್ಟು, ಏನು ಬರೆಯುತ್ತಾರೆ ಎಂದು ದಾಖಲಿಸಿಕೊಂಡೆ. ಕನ್ನಡದಲ್ಲಿ ಹೊಸ ತೊಡಕುಗಳು ಬಂದವು. "ಆಳಂದದಿಂದ" ಎಂದರೆ ಸಿಗುತ್ತದೆ, ಏಕೆಂದರೆ ಪದದ ಆರಂಭ "ಆಳಂದ" ಎಂದೇ ಇದೆ. "ಬೀದರಿನಿಂದ" ಎಂದರೆ ಸಿಗುವುದಿಲ್ಲ. "ಬೀದರ್‌ನಿಂದ" ಎಂದರೆ ಕೆಲವರ ಮೊಬೈಲಿನಿಂದ ಸಿಗುತ್ತದೆ, ಕೆಲವರದರಿಂದ ಇಲ್ಲ. "ಸೇಡಂ" ಸಿಗುತ್ತದೆ, "ಸೇಡಮ್" ಇಲ್ಲ. ಇನ್ನೊಂದು ತಮಾಷೆ: "ಆನಂದ" ಎಂಬ ಹೆಸರಿನ ಪಾರ್ಟಿಯ ಬಾಕಿ ಹುಡುಕಿದರೆ ಆಳಂದ ತಾಲ್ಲೂಕಿನ ಆವಕ ಬಂದು ಕೂರುತ್ತದೆ.

ಬಿದರಿ ಕುಸುರಿ, ಹೈದರಾಬಾದ್

ನನಗೆ ಇಷ್ಟದ ವಿಷಯಕ್ಕೆ ಬಂದಿರಿ.

ಮೊದಲು ಬೀದರ್. ಯೂನಿಕೋಡ್‌ನಲ್ಲಿ ಕೊನೆಯ "ರ್" ಎನ್ನುವುದು ರ ಮತ್ತು ವಿರಾಮ ಚಿಹ್ನೆ (ಅಕ್ಷರವನ್ನು ಅರ್ಧ ಮಾಡುವ ಹಲಂತ, ವಾಕ್ಯದ ಚಿಹ್ನೆಯಲ್ಲ) ಎಂಬ ಎರಡು ಸಂಕೇತಗಳು. "ರಿ" ಎಂದಾಗ ವಿರಾಮ ಚಿಹ್ನೆ ಹೋಗಿ ಇಕಾರದ ಚಿಹ್ನೆ ಬರುತ್ತದೆ. ಹಾಗಾಗಿ ನಿಮ್ಮ ಪಟ್ಟಿಯ "ಬೀದರ್" ಕೊನೆಯ ಸಂಕೇತದಲ್ಲಿ ಹೊಂದುವುದಿಲ್ಲ. ಪಟ್ಟಿಯ ಹೆಸರುಗಳ ತುದಿಯ ವಿರಾಮ ಚಿಹ್ನೆಯನ್ನು ತೆಗೆದು ಹೋಲಿಸಿ. ಬೀದರ್, ಶಹಾಬಾದ್, ಔರಾದ್ ಮೂರೂ ಸರಿಹೋಗುತ್ತವೆ. "ಬೀದರ್‌ನಿಂದ" ಎಂಬುದರ ಮಧ್ಯೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವುದು ಅದರ ಕೆಲಸ. ಕೆಲವು ಕೀಲಿಮಣೆಗಳು ಹಾಕುತ್ತವೆ, ಕೆಲವು ಹಾಕುವುದಿಲ್ಲ. ಹೋಲಿಸುವ ಮುನ್ನ ಅದನ್ನು ಕಿತ್ತುಹಾಕಿ. "ಓ" ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ಬಿಡಿಯಾಗಿಯೂ ಬರೆಯಬಹುದು. ಎರಡೂ ಬದಿಯನ್ನು ಎನ್‌ಎಫ್‌ಸಿ ಎಂಬ ಯೂನಿಕೋಡಿನ ಏಕರೂಪಕ್ಕೆ ತಂದುಬಿಡಿ. ಸೇಡಂ, ಸೇಡಮ್ ಎಂಬುದಕ್ಕೆ ಪರ್ಯಾಯ ಪಟ್ಟಿಯೇ ಗತಿ. ಲೂಸೀನ್‌ನಲ್ಲಿ ಭಾರತೀಯ ಲಿಪಿಗಳಿಗೆಂದು ಒಂದು ನಾರ್ಮಲೈಸೇಷನ್ ಇದೆ, ಕನ್ನಡವೂ ಅದರಲ್ಲಿ ಸೇರಿದೆ. ಅದು ಅಕ್ಷರಗಳ ರೂಪವನ್ನು ಒಂದು ಮಾಡುತ್ತದೆಯೇ ಹೊರತು ವಿಭಕ್ತಿಯನ್ನು ಕಳಚುವುದಿಲ್ಲ.

ಅದೃಷ್ಟಕ್ಕೆ ಕನ್ನಡದ ವಿಭಕ್ತಿಗಳೆಲ್ಲ ಪದದ ಬಾಲಕ್ಕೇ ಅಂಟಿಕೊಳ್ಳುತ್ತವೆ. ಹೆಸರುಗಳ ಪಟ್ಟಿ ಚಿಕ್ಕದಾಗಿರುವುದರಿಂದ ಬಳಕೆದಾರರು ಬರೆದ ಪದದ ಆರಂಭಕ್ಕೆ ಅತಿ ಉದ್ದವಾಗಿ ಹೊಂದುವ ಹೆಸರನ್ನು ಹಿಡಿದರೆ ಮುಗಿಯಿತು. ಇಡೀ ಕನ್ನಡಕ್ಕೆ ವ್ಯಾಕರಣ ಬರೆಯುವ ಗೋಜು ಬೇಡ.

ಇನ್ನು ಆನಂದ, ಆಳಂದ. ಕಾಗುಣಿತ ತಪ್ಪಿದರೂ ಹುಡುಕಲೆಂದು ಅಸ್ಪಷ್ಟ ಹೋಲಿಕೆ ಹಾಕಿದ್ದೀರಿ ಎಂದು ಕಾಣುತ್ತದೆ. ಎಲಾಸ್ಟಿಕ್‌ಸರ್ಚ್‌ನ ಸ್ವಯಂ ನಿಯಮದಲ್ಲಿ ಮೂರರಿಂದ ಐದು ಸಂಕೇತದ ಪದಕ್ಕೆ ಒಂದು ಬದಲಾವಣೆ, ಅದಕ್ಕಿಂತ ಉದ್ದದ್ದಕ್ಕೆ ಎರಡು ಬದಲಾವಣೆ ನಡೆಯುತ್ತದೆ. ಆಳಂದ ನಾಲ್ಕು ಸಂಕೇತ. ಳ ಬದಲು ನ ಬಂದರೆ ಒಂದೇ ಬದಲಾವಣೆ. ಅತ್ತ "ಚಿತಾಪುರ" ಎಂದು ಒತ್ತು ಬಿಟ್ಟು ಬರೆದರೆ ನಮ್ಮ ಕಣ್ಣಿಗೆ ಒಂದು ತಪ್ಪು, ಯಂತ್ರಕ್ಕೆ ಎರಡು, ಏಕೆಂದರೆ ಒತ್ತಕ್ಷರ ಎಂದರೆ ವಿರಾಮ ಚಿಹ್ನೆ ಮತ್ತು ವ್ಯಂಜನ. ಇಂಗ್ಲಿಷಿಗೆ ಅಳೆದು ಹೊಲಿದ ನಿಯಮ ಇದು. ನಿಖರವಾಗಿ ಹೊಂದಿದ ಹೆಸರಿದ್ದರೆ ಅಸ್ಪಷ್ಟ ಹೋಲಿಕೆಯನ್ನು ತಿರುಗಿಯೂ ನೋಡಬೇಡಿ, ಅದು ಕೊನೆಯ ಉಪಾಯವಾಗಿರಲಿ. ಆಗಲೂ "ಆಳಂದ ಎಂದಿರಾ?" ಎಂದು ಕೇಳಲಿ, ತಾನೇ ತೀರ್ಮಾನಿಸಿ ಅಂಕಿ ಕೊಡುವುದು ಬೇಡ.

ಗಂಜ್ ಗುಮಾಸ್ತ, ಕಲಬುರಗಿ

ಟ್ರೈಗ್ರಾಂ ಜೊತೆಗೆ ಬದಲಾವಣೆ ಎಣಿಸುವ ಹೋಲಿಕೆಯನ್ನೂ ಹಾಕಿದ್ದೆ, ಅದರದೇ ಕಾರುಬಾರು. ಟ್ಯಾಲಿಯಲ್ಲಿ ಪಾರ್ಟಿಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿವೆ. ಜೇವರ್ಗಿಯನ್ನು ಒಬ್ಬರು ಡಬ್ಲ್ಯೂ ಹಾಕಿ ಬರೆದಿದ್ದಾರೆ, ಇನ್ನೊಬ್ಬರು ವಿ ಹಾಕಿ. ಸುರಪುರ ಕೆಲವು ಕಡೆ ಶೋರಾಪುರ. ಉಚ್ಚಾರ ನೋಡಿ ಹೆಸರು ಹೊಂದಿಸುವ ಸೌಂಡೆಕ್ಸ್ ಬಳಸಲೇ?

ಬಿದರಿ ಕುಸುರಿ, ಹೈದರಾಬಾದ್

ಬೇಡ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಮನೆತನದ ಹೆಸರುಗಳಿಗೆಂದು ಮಾಡಿದ್ದು ಅದು. ಡಬ್ಲ್ಯೂ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ವಿ ಅನ್ನು ತೆಗೆದುಕೊಳ್ಳುತ್ತದೆ. ನಿಮ್ಮ ಜೇವರ್ಗಿ ಅಲ್ಲೇ ಎರಡಾಗುತ್ತದೆ. ಪ್ರತಿ ತಾಲ್ಲೂಕಿಗೆ ಕೈಯಿಂದಲೇ ಪರ್ಯಾಯ ಬರೆಯಿರಿ, ಒಂದು ಸಂಜೆಯ ಕೆಲಸ.

ಕೃಷ್ಣೆ ದಂಡೆ, ಯಾದಗಿರಿ

ಪರ್ಯಾಯ ಪಟ್ಟಿಯ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. ನಾನು ನೋಡಿಕೊಳ್ಳುವುದು ಬೆಳೆ ಅಂಕಿಅಂಶ, ಹಳೆಯ ವರ್ಷಗಳದೂ ಸೇರಿ. "ಗುಲ್ಬರ್ಗಾ" ಎಂದರೂ "ಕಲಬುರಗಿ" ಎಂದರೂ ಒಂದೇ ಊರು. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರು ಬದಲಾದಾಗ ಇದೂ ಬದಲಾಯಿತು. ಇದನ್ನು ಪರ್ಯಾಯ ಎಂದು ಹಾಕಿದರೆ ಸರಿ.

ಆದರೆ ಯಾರೋ ಪುಣ್ಯಾತ್ಮರು ನಮ್ಮ ವ್ಯವಸ್ಥೆಯಲ್ಲಿ "ಗುಲ್ಬರ್ಗಾ ಜಿಲ್ಲೆ" ಮತ್ತು "ಕಲಬುರಗಿ ಜಿಲ್ಲೆ" ಎರಡನ್ನೂ ಪರ್ಯಾಯ ಎಂದು ಹಾಕಿಟ್ಟಿದ್ದರು. "ಕಲಬುರಗಿ ತೊಗರಿ ವಿಸ್ತೀರ್ಣ" ಎಂದು ಹುಡುಕಿದರೆ ರೇಖೆ ಒಂದು ಕಡೆ ದಡಕ್ಕನೆ ಬೀಳುತ್ತದೆ. ಬರವೂ ಇಲ್ಲ, ರೋಗವೂ ಇಲ್ಲ. 2009ರ ಕೊನೆಯಲ್ಲಿ ಯಾದಗಿರಿ ಮೂವತ್ತನೆಯ ಜಿಲ್ಲೆಯಾಗಿ ಬೇರೆಯಾಯಿತು. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಅತ್ತ ಹೋದವು. ಅದಕ್ಕೆ ಮುಂಚಿನ ಗುಲ್ಬರ್ಗಾ ಜಿಲ್ಲೆ ಎಂದರೆ ಇಂದಿನ ಎರಡು ಜಿಲ್ಲೆ. ಹೆಸರು ಬದಲಾಗುವುದು ಬೇರೆ, ಗಡಿ ಬದಲಾಗುವುದು ಬೇರೆ. ಮೊದಲನೆಯದಕ್ಕೆ ಪರ್ಯಾಯ ಪಟ್ಟಿ ಸಾಕು. ಎರಡನೆಯದಕ್ಕೆ "ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯಾವ ಜಿಲ್ಲೆ" ಎಂಬ ಕಾಲಂ ಇರುವ ಕೋಷ್ಟಕವೇ ಬೇಕು.

ತಾಲ್ಲೂಕುಗಳಿಗೂ ಇದೇ ಪಾಡು. ಜೇವರ್ಗಿಯಿಂದ ಯಡ್ರಾಮಿ, ಸುರಪುರದಿಂದ ಹುಣಸಗಿ, ಶಹಾಪುರದಿಂದ ವಡಗೇರಾ, ಹುಮನಾಬಾದಿನಿಂದ ಚಿಟಗುಪ್ಪ ಬೇರೆಯಾದವು. ಗೇಟಿನ ಚೀಟಿಯಲ್ಲಿ ರೈತರು ಇಂದಿಗೂ "ಜೇವರ್ಗಿ ತಾಲ್ಲೂಕು" ಎಂದೇ ಬರೆಸುತ್ತಾರೆ. ಗುಮಾಸ್ತರೇ, ನಿಮ್ಮ "ಹೋದ ಸಲಕ್ಕಿಂತ ಕಡಿಮೆ" ಎಂಬ ಉತ್ತರದಲ್ಲಿ ಎಷ್ಟು ಪಾಲು ಮಳೆಯದು, ಎಷ್ಟು ಪಾಲು ಗೇಟಿನ ಹುಡುಗ ಬರೆದ ತಾಲ್ಲೂಕಿನದು ಎಂದು ಒಮ್ಮೆ ನೋಡಿ. ಹಳ್ಳಿಯ ಹೆಸರನ್ನು ಬರೆಸಿಕೊಂಡು ತಾಲ್ಲೂಕನ್ನು ಅದರಿಂದ ಹುಟ್ಟಿಸುವುದು ಉತ್ತಮ.

ಹಳೆ ಖಾತೆ, ಬೀದರ್

ಈ ಮಾತು ನನಗೆ ಹಿಡಿಸಿತು. ನಾನೂ ಒಂದು ಸೇರಿಸುತ್ತೇನೆ, ಪೆಟ್ಟಿಗೆಯ ಮೇಲೆ ನನಗೆ ಇನ್ನೂ ನಂಬಿಕೆ ಬಂದಿಲ್ಲದಿದ್ದರೂ.

"ಈ ಹಂಗಾಮು" ಎಂದರೆ ಏನೆಂದು ನಿನ್ನ ಯಂತ್ರಕ್ಕೆ ಹೇಳಿದ್ದೀಯಾ? ತೊಗರಿ ಬಿತ್ತುವುದು ಜೂನ್ ಜುಲೈನಲ್ಲಿ, ಗಂಜಿಗೆ ಬರುವುದು ಡಿಸೆಂಬರಿನಿಂದ. ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. "ಈ ವರ್ಷದ ಆವಕ" ಎಂದು ಜನವರಿಯಲ್ಲಿ ಕೇಳಿದರೆ ಕ್ಯಾಲೆಂಡರ್ ಪ್ರಕಾರ ಕೆಲವೇ ದಿನದ್ದು ಸಿಗುತ್ತದೆ, ಡಿಸೆಂಬರಿನ ರಾಶಿ ಹೊರಗೆ ಉಳಿಯುತ್ತದೆ. ಲೆಕ್ಕದ ವರ್ಷ ಹಿಡಿದರೆ ಹೋದ ಬೇಸಿಗೆಯಲ್ಲಿ ಬಂದ ಹಳೆಯ ಮಾಲೂ ಒಳಗೆ ಬರುತ್ತದೆ.

ಆವಕ ಎಂದರೆ ಯಾವ ತೂಕ? ಗೇಟಿನಲ್ಲಿ ತೂಗಿದ್ದೋ, ಕಸ, ಹಸಿ ಕಳೆದು ಬಿಲ್ಲಿಗೆ ಹಾಕಿದ್ದೋ? ನಮ್ಮ ಕಡೆ ಗೇಟಿನವನು ಒಂದು ಹೇಳುತ್ತಾನೆ, ಲೆಕ್ಕದವನು ಒಂದು ಹೇಳುತ್ತಾನೆ, ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಇಳುವರಿ ಎಂದರೆ ಎಕರೆಗೆ ಬಂದ ತೊಗರಿಯೋ, ಕ್ವಿಂಟಲ್ ತೊಗರಿಗೆ ಬಂದ ಬೇಳೆಯೋ? ರೈತರ ಕಡೆಯವರು ಕೇಳಿದರೆ ಮೊದಲನೆಯದು, ಮಿಲ್ಲಿನ ಮೇಸ್ತ್ರಿ ಕೇಳಿದರೆ ಎರಡನೆಯದು. "ಮಾರುತಿ" ಎಂದು ಹುಡುಕಿದರೆ ತೊಗರಿಯ ತಳಿಯೂ ಹೌದು, ಊರಿಗೆ ನಾಲ್ಕು ಅಂಗಡಿಯ ಹೆಸರೂ ಹೌದು, ಲಾರಿಯ ಹೆಸರೂ ಹೌದು. ಆಶಾ ಎಂಬ ತಳಿಯೂ ಇದೆ. ಭೀಮಾ ಎಂದರೆ ನದಿಯೂ ಹೌದು, ಜಿಆರ್‌ಜಿ 152 ತಳಿಯೂ ಹೌದು.

ಮುನೀಮನಿಗೆ ಇದೆಲ್ಲ ಕೇಳುವವರ ಮುಖ ನೋಡಿದರೆ ತಿಳಿಯುತ್ತದೆ.

ಗಂಜ್ ಗುಮಾಸ್ತ, ಕಲಬುರಗಿ

ಸರ್, ನಿಮ್ಮ ಮಾತನ್ನು ಮುದ್ರಿಸಿ ಕಚೇರಿಯ ಗೋಡೆಗೆ ಅಂಟಿಸಿದ್ದೇನೆ, ಸುಳ್ಳಲ್ಲ.

ಮಾಡಿದ್ದು ಹೀಗೆ. ಅಂಕಿಯ ಮೇಲ್ಗಡೆ, ಅದೇ ಗಾತ್ರದ ಅಕ್ಷರದಲ್ಲಿ, ಪೆಟ್ಟಿಗೆ ತಾನು ಏನು ಅರ್ಥ ಮಾಡಿಕೊಂಡಿತು ಎಂದು ಪೂರ್ತಿ ವಾಕ್ಯ ಬರೆಯುತ್ತದೆ: "ಸೇಡಂ ತಾಲ್ಲೂಕು, ತೊಗರಿ ಆವಕ, ಬಿಲ್ಲಿನ ತೂಕ, ಡಿಸೆಂಬರ್ 1ರಿಂದ ನಿನ್ನೆಯ ರಾತ್ರಿಯವರೆಗೆ." ಪ್ರತಿ ತುಂಡನ್ನೂ ಬೆರಳಿನಿಂದ ಒತ್ತಿ ಬದಲಿಸಬಹುದು. ಬಿಲ್ಲಿನ ತೂಕ ಒತ್ತಿದರೆ ಗೇಟಿನ ತೂಕ ಬರುತ್ತದೆ. "ಮಾರುತಿ" ಎಂದಾಗ ಅಳತೆ ಬಾಕಿ ಆಗಿದ್ದರೆ ಪಾರ್ಟಿ, ಆವಕ ಆಗಿದ್ದರೆ ತಳಿ ಎಂದು ಹಿಡಿಯುತ್ತದೆ. ಎರಡೂ ಸಲ್ಲುವಂತಿದ್ದರೆ ಎರಡನ್ನೂ ತೋರಿಸಿ ಆರಿಸಲು ಹೇಳುತ್ತದೆ. ರಾತ್ರಿ ಮಾತ್ರ ಡೇಟಾ ಬರುವುದರಿಂದ "ನಿನ್ನೆಯ ರಾತ್ರಿಯವರೆಗೆ" ಎಂಬುದನ್ನು ಬೇಕೆಂದೇ ಇಟ್ಟಿದ್ದೇನೆ. ಇಲ್ಲವಾದರೆ ಬೆಳಿಗ್ಗೆ ಇಳಿದ ಲಾರಿ ಏಕೆ ಕಾಣುತ್ತಿಲ್ಲ ಎಂಬ ಜಗಳ ಶುರುವಾಗುತ್ತದೆ.

ಹುಮನಾಬಾದ್ ಹೆದ್ದಾರಿ, ಹುಮನಾಬಾದ್

ಓದುತ್ತಾ ಕುಳಿತಿದ್ದೆ, ಈಗ ಬರೆಯಲೇಬೇಕಾಯಿತು. ನಮ್ಮದು ಸಾರಿಗೆ ಕಚೇರಿ. ನಮಗೆ ಒಂದು ಕಂಪನಿಯವರು ಹುಡುಕು ಪೆಟ್ಟಿಗೆ ಇರುವ ತಂತ್ರಾಂಶ ಹಾಕಿಕೊಟ್ಟರು. ಚಾಲಕರಿಗೂ ಲಾಗಿನ್ ಇತ್ತು, ತಮ್ಮ ಟ್ರಿಪ್ ನೋಡಿಕೊಳ್ಳಲಿ ಎಂದು. ವರದಿ ತೆರೆದರೆ "ನಿಮಗೆ ಅನುಮತಿ ಇಲ್ಲ" ಎನ್ನುತ್ತಿತ್ತು, ಅದು ಸರಿ. ಆದರೆ ಪೆಟ್ಟಿಗೆಯಲ್ಲಿ ಎರಡು ಅಕ್ಷರ ಒತ್ತಿದ ಕೂಡಲೇ ಕೆಳಗೆ ಸಲಹೆಗಳು ಇಳಿಯುತ್ತಿದ್ದವು: ಗಿರಾಕಿಯ ಹೆಸರು, ಪಕ್ಕದಲ್ಲಿ ಬಾಕಿ ಮೊತ್ತ. ನಮ್ಮ ಗಿರಾಕಿಗಳ ಪೂರ್ತಿ ಪಟ್ಟಿ ಪಕ್ಕದ ಕಚೇರಿಗೆ ಹೋದದ್ದು ಹಾಗೆಯೇ. ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟಿದ್ದರು.

ಬಿದರಿ ಕುಸುರಿ, ಹೈದರಾಬಾದ್

ಬಹಳ ಕಡೆ ಆಗುವಂಥದ್ದು. ಅನುಮತಿಯನ್ನು ವರದಿಯ ಮಟ್ಟದಲ್ಲಿ ಹಾಕುತ್ತಾರೆ, ಸೂಚಿಗೆ ಹಾಕುವುದಿಲ್ಲ. ಗುಮಾಸ್ತರೇ, ನಿಮ್ಮ ಹೆಸರುಗಳ ಕೋಷ್ಟಕದ ಪ್ರತಿ ಸಾಲಿನಲ್ಲೂ "ಯಾರು ನೋಡಬಹುದು" ಎಂಬ ಕಾಲಂ ಇರಲಿ. ಸಲಹೆ ಹುಡುಕುವಾಗಲೇ ಅದು ಸೋಸಲಿ, ಹುಡುಕಿದ ಮೇಲೆ ಅಳಿಸುವುದಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಸಾಲು ಮಟ್ಟದ ಭದ್ರತೆ ಇದೆ, ಅದನ್ನೇ ಬಳಸಿದರೆ ಮೊತ್ತಕ್ಕೂ ಸಲಹೆಗೂ ಒಂದೇ ನಿಯಮ ನಡೆಯುತ್ತದೆ. ಸಲಹೆಯಲ್ಲಿ ಅಂಕಿ ಯಾವತ್ತೂ ಬೇಡ. ಒಂದೇ ಪಾರ್ಟಿ ಇರುವ ಹಳ್ಳಿಯ ಬಾಕಿಯ ಒಟ್ಟು ಮೊತ್ತ ತೋರಿಸಿದರೆ ಆ ಪಾರ್ಟಿಯ ಬಾಕಿ ಹೇಳಿದಂತೆಯೇ ಆಯಿತು, ಅದನ್ನೂ ಗಮನಿಸಿ.

ಶಹಾಬಾದಿ ಫರಸಿ, ಬೆಂಗಳೂರು

ಇದೇ ಕಾರಣಕ್ಕೆ ಹೊರಗಿನ ಭಾಷಾ ಮಾದರಿಗೆ ಪಾರ್ಟಿಗಳ ಹೆಸರು ಕಳಿಸಬಾರದು ಎಂದು ನಾನೂ ಒಪ್ಪುತ್ತೇನೆ. ಹೆಸರುಗಳನ್ನು ಇಲ್ಲೇ ಗುರುತಿಸಿ, "ಪಾರ್ಟಿ ಒಂದು, ಬಾಕಿ, ಮೂರು ತಿಂಗಳು" ಎಂದು ಮುಸುಕು ಹಾಕಿ ಕಳಿಸಿದರೆ ಆಯಿತು. ಅಕ್ಕನ ಹಳೆಯ ಕಾಲದ ಪಟ್ಟಿ ಇಲ್ಲಿ ಕೆಲಸಕ್ಕೆ ಬಂತು, ಒಪ್ಪಿಕೊಂಡೆ.

ಗಂಜ್ ಗುಮಾಸ್ತ, ಕಲಬುರಗಿ

ಏನೂ ಸಿಗದ ಹುಡುಕಾಟಗಳ ಪಟ್ಟಿಯನ್ನು ವಾರಕ್ಕೊಮ್ಮೆ ತೆಗೆದು ಓದುತ್ತಿದ್ದೇನೆ. ಮಿಲ್ಲಿನ ಬಗ್ಗೆ ನನಗೆ ಗೊತ್ತಿರದ ಎಷ್ಟೋ ಸಂಗತಿ ಅದರಲ್ಲಿದೆ. ನಾನು ಅಳತೆಗೆ "ಸ್ವೀಕೃತಿ ಬಾಕಿ" ಎಂದು ಹೆಸರಿಟ್ಟಿದ್ದೆ. ಒಬ್ಬರೂ ಹಾಗೆ ಬರೆದಿಲ್ಲ. "ಉದ್ರಿ", "ಬಾಕಿ", "ವಸೂಲಿ ಆಗಬೇಕಾದದ್ದು", "ಯಾರು ಕೊಟ್ಟಿಲ್ಲ" ಎಂದೆಲ್ಲ ಬರೆದಿದ್ದಾರೆ. ಕೊನೆಯದಕ್ಕೆ ಪಾರ್ಟಿಗಳ ಪಟ್ಟಿಯನ್ನೇ ಕೊಡಬೇಕು, ಮೊತ್ತ ಸಾಲದು. ತೊಗರಿಗೆ "ತೂರ್" ಎನ್ನುವವರೂ ಇದ್ದಾರೆ, "ತುವರ್" ಎನ್ನುವವರೂ ಇದ್ದಾರೆ. ಸಾಹುಕಾರರು ಟೈಪ್ ಮಾಡುವುದಿಲ್ಲ, ಮೊಬೈಲಿನ ಕೀಲಿಮಣೆಯ ಮೈಕ್ ಒತ್ತಿ ಮಾತನಾಡುತ್ತಾರೆ. "ಚುನ್ನಿ" ಎಂದದ್ದನ್ನು ಅದು "ಚೆನ್ನೈ" ಎಂದು ಬರೆದು, ಚೆನ್ನೈಗೆ ಹೋದ ಮಾರಾಟವೆಲ್ಲ ಬಂತು. ಮೇಲಿನ ವಾಕ್ಯ ಓದಿ ಅವರೇ ನಕ್ಕು ಬದಲಿಸಿಕೊಂಡರು.

2014ಕ್ಕಿಂತ ಹಿಂದಿನ ಕೆಲವು ಎಕ್ಸೆಲ್ ಕಡತಗಳಲ್ಲಿ ರೈತರ ಹೆಸರು ಕನ್ನಡದಲ್ಲಿವೆ. ತೆರೆದರೆ ಕನ್ನಡ ಕಾಣುತ್ತದೆ, ಡೇಟಾಬೇಸಿಗೆ ತಂದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಇದಕ್ಕೇನು?

ಕೃಷ್ಣೆ ದಂಡೆ, ಯಾದಗಿರಿ

ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಬರೆದದ್ದು ಅದು. ಫಾಂಟ್ ಕನ್ನಡದ ಆಕಾರ ತೋರಿಸುತ್ತದೆ, ಒಳಗಿರುವುದು ಯೂನಿಕೋಡ್ ಅಲ್ಲ. ಯಾವ ಫಾಂಟ್ ಎಂದು ಕಾಲಂ ಕಾಲಂ ನೋಡಿ, ಪರಿವರ್ತಕದಿಂದ ಯೂನಿಕೋಡಿಗೆ ತಂದ ಮೇಲೆ ಸೂಚಿಗೆ ಹಾಕಿ. ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿನಿಂದ ಒಮ್ಮೆ ನೋಡಿಬಿಡಿ, ಪರಿವರ್ತಕಗಳು ಎಡವುವುದು ಅಲ್ಲಿಯೇ.

ಹಳೆ ಖಾತೆ, ಬೀದರ್

ಸಾಹುಕಾರರು ಫೋನ್ ಮಾಡುವುದನ್ನು ಬಿಟ್ಟರೋ?

ಗಂಜ್ ಗುಮಾಸ್ತ, ಕಲಬುರಗಿ

ಬಿಟ್ಟಿಲ್ಲ ಸರ್, ನೀವು ಹೇಳಿದಂತೆಯೇ ಆಯಿತು. ಆದರೆ ಪ್ರಶ್ನೆ ಬದಲಾಗಿದೆ. ಅಂಕಿ ಅವರ ಹತ್ತಿರವೇ ಇರುತ್ತದೆ. "ಚಿಂಚೋಳಿಯದು ಏಕೆ ಕಡಿಮೆ" ಎಂದು ಕೇಳುತ್ತಾರೆ. ಅದಕ್ಕೆ ಗೇಟಿನವರನ್ನು ಕೇಳಿ ಹೇಳಬೇಕು.

ಈಗ ಹೊಸದೊಂದು ಬಂದಿದೆ. "ಬೆಂಬಲ ಬೆಲೆಗಿಂತ ಕಡಿಮೆಗೆ ಎಷ್ಟು ಖರೀದಿಯಾಗಿದೆ" ಎಂದು ಹುಡುಕಿದ್ದಾರೆ. ಬೆಂಬಲ ಬೆಲೆ ನಮ್ಮ ಡೇಟಾಬೇಸಿನಲ್ಲಿ ಇಲ್ಲ. ಒಂದು ಅಂಕಿಯಾಗಿ ಸೇರಿಸಿಬಿಡಲೇ?

ಬಿದರಿ ಕುಸುರಿ, ಹೈದರಾಬಾದ್

ಒಂದು ಅಂಕಿಯಾಗಿ ಬೇಡ. ಹಂಗಾಮುವಾರು ಕೋಷ್ಟಕ ಮಾಡಿ: 2023-24ಕ್ಕೆ ಕ್ವಿಂಟಲ್‌ಗೆ 7,000, 2024-25ಕ್ಕೆ 7,550, 2025-26ಕ್ಕೆ 8,000. ಪ್ರತಿ ಖರೀದಿಯನ್ನೂ ಅದರದೇ ಹಂಗಾಮಿನ ಬೆಲೆಯೊಂದಿಗೆ ಹೋಲಿಸಿ, "ಬೆಂಬಲ ಬೆಲೆಗಿಂತ ಕಡಿಮೆ" ಎಂಬುದನ್ನು ಒಂದು ಸೋಸುಪದವಾಗಿ ಹೆಸರುಗಳ ಪಟ್ಟಿಗೆ ಸೇರಿಸಿ.

ಹಳೆ ಖಾತೆ, ಬೀದರ್

ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕು. 2024-25ರಲ್ಲಿ ರಾಜ್ಯ ಸರ್ಕಾರ 450 ರೂಪಾಯಿ ಪ್ರೋತ್ಸಾಹಧನ ಸೇರಿಸಿತ್ತು, ಹಾಗಾಗಿ ರೈತರ ಬಾಯಲ್ಲಿ ಆ ವರ್ಷದ ಬೆಂಬಲ ಬೆಲೆಯೂ 8,000. ಮರುವರ್ಷ ಕೇಂದ್ರದ ಬೆಲೆಯೇ 8,000 ಆಯಿತು. ಎರಡನ್ನೂ ಒಂದೇ ಕಾಲಂಗೆ ತುಂಬಿದೆಯೋ, ಸಾಹುಕಾರರ ಮುಂದೆ ನಿಲ್ಲುವುದು ನೀನೇ.